ಮುಖಪತ್ರವಿಲ್ಲದ ವೈದ್ಯಗ್ರಂಥ

ಕಾವ್ಯಗ್ರಂಥಗಳನ್ನು ಸಂಗ್ರಹಿಸುವವನ ಕೈಗೆ ಬರುವ ಪ್ರತಿ ಬಹುಮಟ್ಟಿಗೆ ಕಪಾಟಿನೊಳಗೆ ಸುಖವಾಗಿ ಮುಪ್ಪಾದುದು. ವೈದ್ಯಗ್ರಂಥವನ್ನು ಅರಸುವವನಿಗೆ ದೊರೆಯುವುದಾದರೋ, ಕಷಾಯದ ಕಲೆ, ಎಣ್ಣೆಯ ಬೆರಳಚ್ಚು, ಹೊಲಿಗೆಯ ಸಂದಿನಲ್ಲಿ ಉಳಿದ ಬೇರಿನ ಪುಡಿ ಇವುಗಳೊಡನೆ ದುಡಿದು ಸವೆದು, ಮೊದಲ ಹಾಳೆಯನ್ನೂ ಕಡೆಯ ಫಾರಮನ್ನೂ ಕಳೆದುಕೊಂಡ ಪ್ರತಿ. ಆದಕಾರಣ ಮುಖಪತ್ರದ ನೆರವಿಲ್ಲದೆ ಗ್ರಂಥದ ಒಡಲನ್ನೇ ನೋಡಿ ಆವೃತ್ತಿಯನ್ನು ನಿರ್ಣಯಿಸುವ ಅಭ್ಯಾಸವು ಈ ವ್ಯಸನಿಗೆ ಅತ್ಯಾವಶ್ಯಕವಾದುದು.

ಆಲಮೇಲ, ಸಿಂದಗಿ, ಇಂಡಿಗಳ ಸೀಮೆಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂಬಯಿಯ ಆಳ್ವಿಕೆಗೆ ಒಳಪಟ್ಟಿದ್ದುದರಿಂದ, ಇಲ್ಲಿಯ ಹಳೆಯ ವೈದ್ಯರ ಗಂಟುಗಳನ್ನು ಬಿಚ್ಚಿದಾಗ ಮೈಸೂರಿನ ಅಚ್ಚಿಗಿಂತ ಮುಂಬಯಿ, ಪುಣೆ, ಸೊಲ್ಲಾಪುರಗಳ ಅಚ್ಚೇ ಮೊದಲು ಕೈಗೆ ಬರುವುದು ಸಹಜ. ಅವುಗಳಲ್ಲಿ ಅಗ್ರಸ್ಥಾನ ವಾಗ್ಭಟನ ಅಷ್ಟಾಂಗಹೃದಯಕ್ಕೆ. ಅಣ್ಣಾ ಮೋರೇಶ್ವರ ಕುಂಟೆಯವರು 1880ರಲ್ಲಿ ಮುಂಬಯಿಯಲ್ಲಿ ಅಚ್ಚು ಹಾಕಿಸಿದ ಆವೃತ್ತಿಯಲ್ಲಿ ಮೂಲದೊಡನೆ ಇರುವುದು ಅರುಣದತ್ತನ ಸರ್ವಾಂಗಸುಂದರಾ ವ್ಯಾಖ್ಯಾನ. 1869ರಲ್ಲಿ ಜಾವಜಿ ದಾದಾಜಿಯವರು ಸ್ಥಾಪಿಸಿದ ನಿರ್ಣಯಸಾಗರ ಮುದ್ರಣಾಲಯದಿಂದ, ಹರಿಶಾಸ್ತ್ರಿ ಪರಾಡಕರರ ಪರಿಷ್ಕರಣದೊಡನೆ 1939ರಲ್ಲಿ ಹೊರಬಂದ ಆರನೆಯ ಆವೃತ್ತಿಯಲ್ಲಾದರೋ ಅದರ ಜೊತೆಗೆ ಹೇಮಾದ್ರಿಯ ಆಯುರ್ವೇದರಸಾಯನವೂ ಸೇರಿದೆ. ಹೇಮಾದ್ರಿಯು ದೇವಗಿರಿಯ ಸೇವುಣರ ಮಂತ್ರಿ; ಆ ಸೇವುಣರು ಒಂದು ಕಾಲಕ್ಕೆ ನಮ್ಮ ಈ ಭಾಗವನ್ನೂ ಆಳಿದವರಾದ್ದರಿಂದ, ಆತನ ಟೀಕೆಯನ್ನು ಕಂಡಾಗ ನನಗೆ ತುಸು ಮಿಗಿಲಾದ ಸಂತೋಷವಾಗುವುದುಂಟು.

ಪ್ರಥಮಾವೃತ್ತಿಯ ಮೋಹವು ವೈದ್ಯಗ್ರಂಥಗಳ ವಿಷಯದಲ್ಲಿ ಅಷ್ಟೇನೂ ಶೋಭಿಸದೆಂಬುದು ನನ್ನ ಮತ. ವೆಸಾಲಿಯಸನ ಅಂಗರಚನಾಗ್ರಂಥದ 1543ರ ಬಾಸೆಲ್ ಅಚ್ಚಿಗಾಗಿ ಯುರೋಪಿನ ಶ್ರೀಮಂತರು ಹಣ ಸುರಿಯುವರಾದರೂ, ಗ್ರಂಥಕರ್ತನೇ ತಿದ್ದಿ ಬೆಳೆಸಿದುದು 1555ರ ಆವೃತ್ತಿಯನ್ನು. ನಮ್ಮ 1939ರ ಅಷ್ಟಾಂಗಹೃದಯಕ್ಕೂ ಈ ಮಾತು ಸಲ್ಲುತ್ತದೆ.

ಆದರೆ ಆ 1939ರ ಪ್ರತಿ ನಿಜವಾಗಿಯೂ ಆ ಕಾಲದ್ದೇ, ಇಲ್ಲವೇ ಬಹುಕಾಲದ ಮೇಲೆ ಛಾಯಾಚಿತ್ರದಿಂದ ಇಳಿಸಿದ ಮರುಮುದ್ರಣವೇ ಎಂಬುದನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಬಲ್ಲದು. ಹಾಳೆಯ ಹಿಂಬದಿಯನ್ನು ಮೆಲ್ಲನೆ ಸವರಿರಿ: ಮೊಳೆಯಚ್ಚಾದರೆ ಅಕ್ಷರಗಳು ಒತ್ತಿ ಮೂಡಿಸಿದ ಸಣ್ಣ ಉಬ್ಬು ಬೆರಳಿಗೆ ತಾಕುವುದು, ಆಫ್‌ಸೆಟ್ ಆದರೆ ಕಾಗದ ನುಣುಪಾಗಿರುವುದು. ಇನ್ನು ಮೊಳೆಯಚ್ಚಿನ ಎರಡು ಪ್ರತಿಗಳಲ್ಲಿ ಅದೇ ಪುಟದ ಅದೇ ಸಾಲಿನಲ್ಲಿ ಅದೇ ಮುರಿದ ಕೊಂಬು ಕಾಣಿಸಿದರೆ, ಮುಖಪತ್ರವು ಏನನ್ನೇ ಸಾರಲಿ, ಜೋಡಣೆ ಒಂದೇ ಎಂದು ತಿಳಿಯಬಹುದು. ಹಿಂದಿನ ಶುದ್ಧಿಪತ್ರದಲ್ಲಿ ತೋರಿಸಿದ ತಪ್ಪುಗಳು ಒಡಲಿನಲ್ಲಿಯೇ ತಿದ್ದಿಕೊಂಡಿದ್ದರೆ ಆ ಭಾಗವನ್ನಾದರೂ ಮತ್ತೆ ಜೋಡಿಸಿದ್ದಾರೆ.

ಕಾಲಗಣನೆಯ ತೊಡಕು ಬೇರೆ. ಶಕವರ್ಷ 1861 ಎಂದಿದ್ದರೆ 78ನ್ನು ಕೂಡಿಸಿ 1939 ಎಂದು ತಿಳಿಯಬಹುದು, ವರ್ಷದ ಕಡೆಯ ತಿಂಗಳುಗಳಾದರೆ 1940. ಬರಿಯ ಸಂವತ್ಸರದ ಹೆಸರಿದ್ದರೆ ಮಾತ್ರ ಎಚ್ಚರವಿರಬೇಕು, ಏಕೆಂದರೆ ಪ್ರಭವವು 1867ರಲ್ಲಿಯೂ ಬಂದಿತ್ತು, 1927ರಲ್ಲಿಯೂ ಬಂದಿತ್ತು. ಜೈನ ಪ್ರಕಾಶನಗಳಲ್ಲಿ ವೀರನಿರ್ವಾಣ ಶಕೆ ಕಾಣುವುದುಂಟು. ಅದರ 2466ನೆಯ ವರ್ಷವು 1939ರ ದೀಪಾವಳಿಯಿಂದ ಮುಂದಿನ ದೀಪಾವಳಿಯವರೆಗಿನದು. ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದೀ ಅನುವಾದದೊಡನೆ ನಮ್ಮ ನೆರೆಯ ಸೊಲ್ಲಾಪುರದಲ್ಲಿ ಅಚ್ಚಾದುದು 1940ರಲ್ಲಿ. ಜಗದ್ದಳ ಸೋಮನಾಥನ ಕನ್ನಡ ಕಲ್ಯಾಣಕಾರಕವೇ ಬೇರೆ. ಹೆಸರನ್ನು ಕೇಳಿದೊಡನೆ ಹಣ ಎಣಿಸುವ ಅವಸರ ಬೇಡ. ವಿಷವೈದ್ಯವನ್ನು ಕುರಿತ ಮಂಗರಾಜನ ಖಗೇಂದ್ರಮಣಿದರ್ಪಣಕ್ಕೆ ಮದರಾಸು ವಿಶ್ವವಿದ್ಯಾನಿಲಯದ 1942ರ ಅಚ್ಚನ್ನು ಹುಡುಕತಕ್ಕದ್ದು.

ಬೆಲೆಯೂ ಸಾಕ್ಷಿ ಹೇಳುತ್ತದೆ. ರೂಪಾಯಿ ಆಣೆಗಳಲ್ಲಿ ಅಚ್ಚಾದ ಬೆಲೆಯ ಮೇಲೆ ನಯೇ ಪೈಸೆಯ ಚೀಟಿ ಅಂಟಿಸಿದ್ದರೆ, ಅಚ್ಚು ಹಳೆಯದು, ಮಾರಾಟವಾದುದು 1957ರ ಏಪ್ರಿಲ್ ಬಳಿಕ ಎಂದರ್ಥ. ಆ ಚೀಟಿಯನ್ನು ಕೀಳಬಾರದು. ರಟ್ಟು ಕಟ್ಟಲು ಕೊಡುವಾಗ ಹಳೆಯ ಹೊದಿಕೆಯ ಕಾಗದವನ್ನು ಒಳಗೇ ಸೇರಿಸಿ ಹೊಲಿಯಬೇಕೆಂದೂ, ಅಂಚನ್ನು ಕತ್ತರಿಸಕೂಡದೆಂದೂ ಬೈಂಡರಿಗೆ ಮೊದಲೇ ಹೇಳಿಡತಕ್ಕದ್ದು. ಅಚ್ಚಿನ ತಾರೀಖು ಎಷ್ಟೋ ವೇಳೆ ಆ ಹೊದಿಕೆಯ ಮೇಲಷ್ಟೇ ಇರುವುದು, ಮೋಡಿ ಲಿಪಿಯಲ್ಲಿ ಹಿಂದಿನ ವೈದ್ಯರು ಗೀಚಿಟ್ಟ ಗುಂಜಿ, ಮಾಸೆ, ತೊಲಗಳ ಲೆಕ್ಕವು ಅಂಚಿನಲ್ಲಿ.