ಬೆನ್ನು ತಿರುಗಿಸಿದವರ ಚಿತ್ರ

ಕ್ವಿಯರ್ ಛಾಯಾಗ್ರಹಣದ ಬಗ್ಗೆ ನಮ್ಮಲ್ಲಿ ಒಂದು ಮಾತು ಯಾವ ತಕರಾರೂ ಇಲ್ಲದೆ ನಡೆದು ಬರುತ್ತಿದೆ. ಮೊದಲು ಮುಖ ಮರೆಸಿಕೊಂಡಿದ್ದವರು, 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಮಿನ ಹಲ್ಲು ಕಿತ್ತ ಮೇಲೆ ಮುಖ ತೋರಿಸಿದರಂತೆ. ಹಾಗಾಗಿ ಹಳೆಯ ಚಿತ್ರ ನಾಚಿಕೆಯದು, ಹೊಸದು ಬಿಡುಗಡೆಯದು. ಈ ಅಳತೆಗೋಲೇ ತಪ್ಪು ಎಂಬುದು ನನ್ನ ವಾದ.

ಇದರಿಂದ ಹೆಚ್ಚು ಅನ್ಯಾಯವಾಗಿರುವುದು ಛಾಯಾಗ್ರಾಹಕ ಸುನಿಲ್ ಗುಪ್ತಾ ಅವರ ‘ಎಕ್ಸೈಲ್ಸ್’ ಸರಣಿಗೆ. 1986-87ರಲ್ಲಿ ದಿಲ್ಲಿಯ ಇಂಡಿಯಾ ಗೇಟ್, ಹುಮಾಯೂನ್ ಗೋರಿಗಳ ಬಳಿ ಗೇ ಗಂಡಸರನ್ನು ನಿಲ್ಲಿಸಿ, ಕೂರಿಸಿ ತೆಗೆದ ಬಣ್ಣದ ಚಿತ್ರಗಳಿವು. ಜೊತೆಗೆ ಅವರವೇ ಮಾತುಗಳು. ಗುರುತು ಸಿಗಬಾರದೆಂದು ಹಲವರ ಮುಖ ತಪ್ಪಿಸಲಾಗಿದೆ. ಭಯವಿತ್ತು, ನಿಜ. ಆದರೆ ನಮ್ಮ ಹುಲಿಕುಂಟೆ ಸೀಮೆಯಲ್ಲಿ ಕೂತು ಈ ಚಿತ್ರಗಳನ್ನು ನೋಡಿ. ಕೆರೆ ಏರಿ ಮೇಲೆ ಅಷ್ಟು ದೂರದಲ್ಲಿ ಹೋಗುವವರನ್ನು ನಡಿಗೆಯಲ್ಲೇ ಇಂಥವರ ಮಗ ಎಂದು ಹೇಳುವ ಊರುಗಳಿವು. ಹೆಗಲ ಮೇಲಿನ ಟವೆಲ್ಲು, ಕತ್ತಿನ ಹಿಂಭಾಗ, ನಿಲ್ಲುವ ಓರೆ ಸಾಕು. ಬೆನ್ನು ಹತ್ತಿರದವರಿಂದ ಏನನ್ನೂ ಬಚ್ಚಿಡುವುದಿಲ್ಲ. ಬಚ್ಚಿಡುವುದು ದಫ್ತರ ಹಿಡಿದು ಬರುವವನಿಂದ. ಬಲ್ಲವರು ಬಲ್ಲರು ಎಂಬ ಆ ಆಪ್ತತೆಯನ್ನು ನಾಚಿಕೆ ಎಂದು ಓದುವುದು ವಿಮರ್ಶೆಯ ಸೋಮಾರಿತನ.

ದಫ್ತರ ಬರೀ ರೂಪಕವಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ‘ನಪುಂಸಕ’ರ ಪಟ್ಟಿ ಇಡಲು ಹೇಳಿತ್ತು. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿದ 36ಎ ಕಲಂ ಅವರ ಹೆಸರು, ವಾಸದ ಜಾಗ ಬರೆದಿಡಲು ಮತ್ತೆ ದಾರಿ ಮಾಡಿತು. ಹೋರಾಟದ ನಂತರವೇ ಕಲಮಿನಿಂದ ‘ನಪುಂಸಕ’ ಪದ ಹೋಯಿತು. ಬಿಡುಗಡೆಯ ಗುರುತೆಂದು ನಾವು ಕೇಳುವ ನೇರ ನೋಟದ ಮುಖವನ್ನೇ ಪೊಲೀಸರೂ ಕೇಳುವುದು.

ಹಾಗಾದರೆ ಮುಖ ತೋರಿಸುವುದು ಸೋಲೇ? ಖಂಡಿತ ಅಲ್ಲ. ಕಲಾವಿದರಾದ ತೇಜಲ್ ಶಾ 2006ರ ಛಾಯಾಚಿತ್ರ ಸರಣಿಗಾಗಿ ಹಿಜ್ರಾ ಸ್ನೇಹಿತೆಯರನ್ನು ನೀವು ಏನಾಗಬೇಕು ಎಂದು ಕೇಳಿದರು. ಒಬ್ಬರು ರವಿವರ್ಮನ ಚಿತ್ರದ ಧಾಟಿಯಲ್ಲಿ ಕೃಷ್ಣನ ಜೊತೆ ಯಶೋದೆಯಾದರು. ತಾಯ್ತನದ ಆಸೆ ಅವರದು, ಭಂಗಿಯೂ ಅವರದು. ಕೇಳಬೇಕಾದ್ದು ಮುಖ ಕಾಣುತ್ತದೆಯೇ ಎಂದಲ್ಲ, ಚೌಕಟ್ಟು ಯಾರ ಕೈಯಲ್ಲಿದೆ ಎಂದು.

2021ರ ನವೆಂಬರಿನಲ್ಲಿ ಟ್ರಾನ್ಸ್ ಮಹಿಳೆ, ಜನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆದ ಚಿತ್ರವನ್ನೂ ನಾವು ಅರ್ಧವೇ ನೋಡಿದ್ದೇವೆ. ಸರ್ಕಾರ ಕೊಟ್ಟಿತು, ಜೋಗತಿ ಪಡೆದಳು ಎಂದು ಎಲ್ಲರೂ ಹಿಗ್ಗಿದರು, ನಾನೂ ಹಿಗ್ಗಿದೆ. ಆದರೆ ಪದಕಕ್ಕಿಂತ ಮುಂಚಿನ ಗಳಿಗೆ ನೋಡಿ. ರಾಷ್ಟ್ರಪತಿಯ ಮುಂದೆ ನಿಂತು ಆಕೆ ಸೆರಗು ಹಿಡಿದು ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ನಮ್ಮ ಕಡೆ ಹಿರಿಯ ಹೆಂಗಸರು ಹೊಸಿಲ ಬಳಿ ಮಕ್ಕಳಿಗೆ ಮಾಡುವುದೂ ಇದನ್ನೇ. ಅಷ್ಟು ಹೊತ್ತು ರಾಷ್ಟ್ರಪತಿ ಆಕೆಯೆದುರು ನಿಂತಿದ್ದಾರೆ.