ಬ್ಯಾಂಜೋ ಹಿಡಿದ ಕೈ ಯಾರದು?

ಅಮೆರಿಕದ ಜಾರ್ಜಿಯಾದ ಗುಡ್ಡಗಾಡಿನವರೆಂದರೆ ಹಲ್ಲುದುರಿದವರು, ಮಂದಬುದ್ಧಿಯವರು, ಪರಊರಿನವರನ್ನು ಕಂಡರೆ ಬಂದೂಕು ಎತ್ತುವವರು. ಈ ಕಲ್ಪನೆಯನ್ನು ಊರೂರಿಗೆ ಹಂಚಿದ್ದರಲ್ಲಿ 1972ರ ‘ಡೆಲಿವರೆನ್ಸ್’ ಸಿನಿಮಾದ ಪಾಲು ದೊಡ್ಡದು. ಜೇಮ್ಸ್ ಡಿಕಿಯ ಕಾದಂಬರಿ, ಜಾನ್ ಬೂರ್ಮನ್ ನಿರ್ದೇಶನ, ಮೂರು ಆಸ್ಕರ್ ನಾಮನಿರ್ದೇಶನ ಎಲ್ಲ ಗೊತ್ತಿದ್ದದ್ದೇ. ಅಣೆಕಟ್ಟಿನಡಿ ಮುಳುಗಲಿರುವ ನದಿಗೆ ಅಟ್ಲಾಂಟಾದ ನಾಲ್ವರು ದೋಣಿ ಹತ್ತಿ ಹೊರಟ ಕಥೆಯನ್ನೂ ಮತ್ತೆ ಹೇಳಬೇಕಿಲ್ಲ. ನನ್ನ ತಕರಾರಿರುವುದು ಎಲ್ಲರೂ ಕೊಂಡಾಡುವ ಬ್ಯಾಂಜೋ ದೃಶ್ಯದ ಬಗ್ಗೆ.

ಪೆಟ್ರೋಲ್ ಬಂಕಿನ ಬಳಿ ಆ ನಾಲ್ವರಲ್ಲೊಬ್ಬನಾದ ಡ್ರೂ ಗಿಟಾರ್ ಮೀಟುತ್ತಾನೆ. ಜಗಲಿಯ ಮೇಲಿನ ಹುಡುಗ ಅದನ್ನೇ ಬ್ಯಾಂಜೋದಲ್ಲಿ ಮರಳಿಸುತ್ತಾನೆ. ಸವಾಲ್-ಜವಾಬ್ ನಡೆದು ಲಯ ಏರುತ್ತದೆ, ಮುದುಕನೊಬ್ಬ ಕುಣಿಯುತ್ತಾನೆ, ಪೇಟೆಯವನು ಸೋಲೊಪ್ಪಿಕೊಳ್ಳುತ್ತಾನೆ. ಅವನು ಕೈ ಚಾಚಿದರೆ ಹುಡುಗ ಮುಖ ತಿರುಗಿಸುತ್ತಾನೆ. ನೋಡಿ, ಗೆದ್ದದ್ದು ಹಳ್ಳಿಯೇ ಎನ್ನುತ್ತಾರೆ ಚಿತ್ರದ ವಕೀಲರು. ಗೆದ್ದವನಿಗೆ ಆಡಲು ಒಂದು ಮಾತಾದರೂ ಬೇಡವೇ? ಬಾಬಿ ಎಂಬ ಗೆಳೆಯ ಆ ಜನರ ವಂಶವೇ ಕೆಟ್ಟಿದೆಯೆಂದು ಆಡಿಕೊಳ್ಳುತ್ತಾನೆ. ಅದು ಪಾತ್ರದ ಮಾತು, ನಿರ್ದೇಶಕನದಲ್ಲ ಎನ್ನಬಹುದು. ಆದರೆ ಕ್ಯಾಮೆರಾ ಹುಡುಗನ ಕಣ್ಣು, ಹಣೆ, ನಗುವನ್ನು ದಿಟ್ಟಿಸುವ ಬಗೆ ನೋಡಿ: ಬಾಬಿಗೆ ಸಾಕ್ಷಿ ಒದಗಿಸುತ್ತಿದೆ. ಹುಡುಗನಿಗೆ ಕಲೆ ಕೊಟ್ಟಂತೆ ಮಾಡಿ ಬುದ್ಧಿ ಕಿತ್ತುಕೊಳ್ಳುತ್ತದೆ.

ಕಲೆಯನ್ನಾದರೂ ಕೊಟ್ಟಿತೇ? ಚಿತ್ರೀಕರಣ ನಡೆದ ರೇಬನ್ ಕೌಂಟಿಯ ಶಾಲೆಯಲ್ಲಿ ಆರಿಸಿಕೊಂಡ ಆ ಹುಡುಗನಿಗೆ ಬ್ಯಾಂಜೋ ಬರುತ್ತಿರಲಿಲ್ಲ. ಇನ್ನೊಬ್ಬ ಹುಡುಗ ಹಿಂದೆ ಅವಿತು ಕೂತು ಅಂಗಿಯ ತೋಳಿನಿಂದ ಕೈ ತೂರಿಸಿದ. ನಮಗೆ ಕೇಳಿಸುವುದು ನ್ಯೂಯಾರ್ಕಿನ ಎರಿಕ್ ವೈಸ್‌ಬರ್ಗ್ ಬ್ಯಾಂಜೋ, ಸ್ಟೀವ್ ಮ್ಯಾಂಡೆಲ್ ಗಿಟಾರ್. ಮೂಲ ಮಟ್ಟು ದಕ್ಷಿಣ ಕೆರೊಲಿನಾದ ಆರ್ಥರ್ ಸ್ಮಿತ್ ಅವರ 1950ರ ದಶಕದ್ದು. ಚಿತ್ರ ಅವರ ಹೆಸರು ಹಾಕಲಿಲ್ಲ, ಅವರು ಕೋರ್ಟಿಗೆ ಹೋಗಿ ಗೆಲ್ಲಬೇಕಾಯಿತು. ಆ ಊರಿನದೆಂದು ಉಳಿದದ್ದು ಮುಖವೊಂದೇ, ಅದಕ್ಕೂ ಮೇಕಪ್ ಬಳಿದರು. ಸಿನಿಮಾ ಎಂದ ಮೇಲೆ ಇಂಥ ಚಮತ್ಕಾರ ಇದ್ದದ್ದೇ. ಅದನ್ನು ನೆಲದ ಸತ್ಯವೆಂದು ಹೊಗಳಿದಾಗ ಮಾತ್ರ ಸುಮ್ಮನಿರಲಾಗುವುದಿಲ್ಲ.

ಇನ್ನು ಕೆಲವರು ಈ ಚಿತ್ರವನ್ನು ಅಣೆಕಟ್ಟಿಗೆ ಮುಳುಗುವ ಊರಿನ ಶೋಕಗೀತೆ ಎನ್ನುತ್ತಾರೆ. ಒಳ್ಳೆಯ ವಾದ, ತಪ್ಪು ಚಿತ್ರ. ಬರ್ಟನ್ ಎಂಬ ಊರೇ ಜಲಾಶಯದಡಿ ಹೋದ ಕೌಂಟಿ ರೇಬನ್. ಅಂಥ ನೆಲದಲ್ಲಿ ನಿಂತು ಬೂರ್ಮನ್ ಗೋರಿ ಅಗೆಯುವುದನ್ನು ತೋರಿಸುತ್ತಾರೆ, ಸರಿ. ಗೋರಿ ಯಾರದು, ಬಿಟ್ಟುಹೋಗುವವರು ಯಾರು? ಕೇಳುವ ವ್ಯವಧಾನ ಅವರಿಗಿಲ್ಲ. ಕೊನೆಗೆ ನೀರಿನಿಂದ ಏಳುವ ಕೈಯೂ ಪೇಟೆಯವನ ದುಃಸ್ವಪ್ನವೇ. ಇಷ್ಟು ಬುದ್ಧಿವಂತ ವಿಮರ್ಶಕರಿಗೆ ಇದು ಕಾಣದ್ದು ಸೋಜಿಗ. ವಸ್ತು ದೊಡ್ಡದಿದ್ದರೆ ಕೃತಿಯೂ ದೊಡ್ಡದೆಂದು ಬಗೆಯುವ ಚಾಳಿ ಎಲ್ಲ ಕಡೆಯೂ ಇದೆ. ವಿಲ್ಮೋಸ್ ಜಿಗ್ಮಂಡ್ ಅವರ ಛಾಯಾಗ್ರಹಣ ಸೊಗಸು, ಚಟ್ಟೂಗಾ ನದಿಯ ಭೋರ್ಗರೆತ ಮೈ ನಡುಗಿಸುತ್ತದೆ. ಒಪ್ಪಿದೆ.

ಅದೇ 1972ರಲ್ಲಿ, ಅದೇ ಕೌಂಟಿಯಿಂದ ‘ಫಾಕ್ಸ್‌ಫೈರ್’ ಪುಸ್ತಕ ಬಂತು. ಶಿಕ್ಷಕರೊಬ್ಬರ ಜೊತೆ ಶಾಲಾಮಕ್ಕಳು 1966ರಲ್ಲಿ ಶುರುಮಾಡಿದ ಪತ್ರಿಕೆಯ ಫಲ ಅದು. ಮರದ ದಿಮ್ಮಿಯ ಮನೆ ಕಟ್ಟುವುದು, ಹಂದಿಮಾಂಸ ಹದಗೊಳಿಸುವುದು, ಕಳ್ಳಭಟ್ಟಿ ಇಳಿಸುವುದನ್ನೆಲ್ಲ ಹಿರಿಯರ ಬಾಯಿಂದಲೇ ಕೇಳಿ ಬರೆದುಕೊಂಡರು. ಅಲ್ಲಿ ಗುಡ್ಡದವರು ಮಾತಾಡುತ್ತಾರೆ, ತಮಾಷೆ ಮಾಡುತ್ತಾರೆ, ತಮ್ಮ ಕಸುಬಿನ ಬಗ್ಗೆ ಹಟ ಹಿಡಿಯುತ್ತಾರೆ. ಸಿನಿಮಾವನ್ನು ಬಲ್ಲವರೆಲ್ಲ ಈ ಪುಸ್ತಕವನ್ನು ಬಲ್ಲರೆಂದು ನನಗನ್ನಿಸುವುದಿಲ್ಲ. ‘ಡೆಲಿವರೆನ್ಸ್’ ನೋಡುವುದಾದರೆ ನೋಡಿ, ಆದರೆ ಮೊದಲು ‘ಫಾಕ್ಸ್‌ಫೈರ್’ ಓದಿ.