ಎಷ್ಟು ಕೊಡುತ್ತೆ?

ಹೋದ ವರ್ಷ ಮೂಡಿಗೆರೆಯಲ್ಲಿ ನಮ್ಮ ಕಡೆಯದೊಂದು ಮದುವೆ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಗಂಡಸರೆಲ್ಲ ಹೊರಗೆ ನಿಂತಿದ್ದಾಗ ನನ್ನ ಗಾಡಿಯ ಸುತ್ತ ಐದಾರು ಜನ ಸೇರಿದರು. ಏಳು ಸೀಟಿನ ಡೀಸೆಲ್ ಆಟೋಮ್ಯಾಟಿಕ್ ಎಸ್‌ಯುವಿ. ಕಂಪನಿ ಹೆಸರು ಬೇಡ, ಈ ಅಳತೆಯ ಎಲ್ಲ ಗಾಡಿಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ. ಟೈರಿಗೆ ಒದ್ದು ನೋಡುವವರು ಒದ್ದು ನೋಡಿದರು, ಬಾಗಿಲು ಹಾಕಿ ಸದ್ದು ಕೇಳುವವರು ಕೇಳಿದರು. ಕೊನೆಗೆ ನಮ್ಮ ಚಿಕ್ಕಪ್ಪ ಕೇಳಿಯೇಬಿಟ್ಟರು, "ಎಷ್ಟು ಕೊಡ್ತದೋ?"

"ಹದಿನೈದಕ್ಕೇನೂ ಮೋಸ ಇಲ್ಲ ಚಿಕ್ಕಪ್ಪ" ಅಂದುಬಿಟ್ಟೆ.

ಸುಳ್ಳು. ಸುಳ್ಳು ಅಂತ ನನಗೆ ಆಗಲೇ ಗೊತ್ತಿತ್ತು, ಯಾಕೆಂದರೆ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ನನ್ನದೇ ಕೈಬರಹದ ನೋಟ್‌ಬುಕ್ ಇತ್ತು. ಗಾಡಿ ತಗೊಂಡ ದಿನದಿಂದ ಹಾಕಿಸಿದ ಪ್ರತಿ ಲೀಟರಿನ ಲೆಕ್ಕ ಅದರಲ್ಲಿದೆ. ಆದರೆ ಮದುವೆ ಮನೆಯ ಮುಂದೆ ನಿಂತು ಗಾಡಿಯ ಮೈಲೇಜ್ ಹೇಳುವುದೂ ಮಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಹೇಳುವುದೂ ಒಂದೇ. ಎರಡು ಮೂರು ಸೇರಿಸಿಯೇ ಹೇಳುತ್ತೇವೆ.

ಮೂರು ತಿಂಗಳು ಬಿಟ್ಟು ಚಿಕ್ಕಪ್ಪನ ಫೋನು. ಕಾಫಿಗೆ ರೇಟು ಬಂದಿದೆ, ಹಳೇ ಜೀಪು ಕೊಟ್ಟು ದೊಡ್ಡ ಗಾಡಿ ತಗೋಬೇಕು ಅಂತಿದ್ದೀನಿ ಅಂದರು. ಚಿಕ್ಕಮ್ಮನನ್ನು ತಿಂಗಳಿಗೆ ಎರಡು ಸಲ ಚಾರ್ಮಾಡಿ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಜೀಪಿನಲ್ಲಿ ಕೂತರೆ ಅವರ ಸೊಂಟ ತಡೆಯುವುದಿಲ್ಲ. "ನೀನು ಹದಿನೈದು ಅಂದ್ಯಲ್ಲ, ಅದನ್ನೇ ಹಿಡಿದು ಲೆಕ್ಕ ಹಾಕಿದೀನಿ" ಅಂದರು. ನನ್ನ ಎದೆ ಧಸಕ್ ಅಂತು. ಅವತ್ತು ರಾತ್ರಿ ನೋಟ್‌ಬುಕ್ ತೆಗೆದು ಲ್ಯಾಪ್‌ಟಾಪ್ ಮುಂದೆ ಕೂತೆ. ಮೊದಲನೇ ತಪ್ಪು ನನ್ನದು, ಒಪ್ಪಿಕೊಂಡೆ. ಆದರೆ ಒಂದೇ ಗಾಡಿಯ ಬಗ್ಗೆ ಇಷ್ಟೊಂದು ಬೇರೆ ಬೇರೆ ನಂಬರುಗಳು ಓಡಾಡುತ್ತವಲ್ಲ, ಅವುಗಳ ಮೇಲೂ ನನಗೆ ತಕರಾರಿದೆ.

ಮೊದಲು ಕಂಪನಿ ಕೊಡುವ ನಂಬರು. ನನ್ನ ಗಾಡಿಯ ಕಾಗದದಲ್ಲಿ ಇರುವುದು ಲೀಟರಿಗೆ 14.5 ಕಿ.ಮೀ. ಇದು ರಸ್ತೆಯ ಮೇಲೆ ಹುಟ್ಟಿದ್ದಲ್ಲ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಗಾಡಿಯನ್ನು ರೋಲರುಗಳ ಮೇಲೆ ನಿಲ್ಲಿಸಿ ಸುಮಾರು 20 ನಿಮಿಷ ಓಡಿಸುತ್ತಾರೆ. ಯಾವ ಸೆಕೆಂಡಿನಲ್ಲಿ ಎಷ್ಟು ವೇಗ ಅನ್ನುವುದೆಲ್ಲ ಮೊದಲೇ ಬರೆದಿಟ್ಟಿರುತ್ತದೆ. ವೇಗ 90 ದಾಟುವುದಿಲ್ಲ. ಎಸಿ ಬಂದ್. ಏರು ಇಲ್ಲ, ಹಂಪ್ ಇಲ್ಲ, ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಇಲ್ಲ. ಹೊಗೆಯಲ್ಲಿರುವ ಇಂಗಾಲದ ಲೆಕ್ಕದಿಂದ ಎಷ್ಟು ಡೀಸೆಲ್ ಉರಿಯಿತು ಅಂತ ಕಂಡುಹಿಡಿಯುತ್ತಾರೆ. ಈ ಪರೀಕ್ಷೆಯ ಮೂಲ ಯುರೋಪಿನದು, ನಮ್ಮವರು ಮೇಲಿನ ವೇಗವನ್ನು 120ರಿಂದ 90ಕ್ಕೆ ಇಳಿಸಿಕೊಂಡರು. ಯುರೋಪಿನವರೇ 2017ರಲ್ಲಿ ಅದನ್ನು ಬಿಟ್ಟು ಡಬ್ಲ್ಯೂಎಲ್‌ಟಿಪಿ ಅನ್ನುವ ಹೊಸ ಪರೀಕ್ಷೆಗೆ ಹೋದರು. ಅಮೆರಿಕದವರು 2008ರ ಮಾಡೆಲ್‌ಗಳಿಂದಲೇ ಎಸಿ ಹಾಕಿದ ಓಟ, ಜೋರು ಓಟ, ಚಳಿಯ ಓಟ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿದರು.

ಇದನ್ನು ನಾನು ಮೋಸ ಅಂತ ಕರೆಯುವುದಿಲ್ಲ. ಹೊಸ ಪರೀಕ್ಷೆ ಬಂದ ಮೇಲೂ ಅಂತರ ಹೋಗಲಿಲ್ಲ. ಯುರೋಪಿನ ಹೊಸ ಕಾರುಗಳು ತಾವು ಕುಡಿದ ಇಂಧನವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಆ ದಾಖಲೆ ನೋಡಿ ಅಲ್ಲಿನ ಆಯೋಗ 2024ರಲ್ಲಿ ಹೇಳಿದ್ದು: ಪೆಟ್ರೋಲ್, ಡೀಸೆಲ್ ಕಾರುಗಳು ರಸ್ತೆಯಲ್ಲಿ ಪರೀಕ್ಷೆಗಿಂತ ಸುಮಾರು ಶೇ. 20 ಹೆಚ್ಚು ಕುಡಿಯುತ್ತವೆ. ಇಂಥ ಪರೀಕ್ಷೆ ಇರುವುದು ಒಂದು ಗಾಡಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು, ಮತ್ತು ಕಂಪನಿಯ ಒಟ್ಟು ಇಂಗಾಲ ಸರ್ಕಾರ ಹೇಳಿದ ಮಿತಿಯೊಳಗಿದೆಯೇ ಅಂತ ತಿಳಿಯಲು. ಆ ಕೆಲಸಕ್ಕೆ ಅದು ಸಾಕು. ನನ್ನ ತಕರಾರು, ಲ್ಯಾಬಿನ ನಂಬರನ್ನು ತಂದು ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ಇರುವೆ ಗಾತ್ರದ ನಕ್ಷತ್ರ ಬಿಡುತ್ತಾರಲ್ಲ, ಅದರ ಬಗ್ಗೆ. ಅದನ್ನು ಓದಲು ಚಿಕ್ಕಪ್ಪನ ಕನ್ನಡಕ ಸಾಲದು.

ಎರಡನೆಯದು ಸ್ಟೇರಿಂಗಿನ ಹಿಂದಿನ ಪರದೆ ತೋರಿಸುವ ನಂಬರು. ನಾನು ಸಾಫ್ಟ್‌ವೇರಿನವನು, ಪರದೆಯಲ್ಲಿ ದಶಮಾಂಶ ಕಂಡರೆ ಜನ ಹೇಗೆ ನಂಬುತ್ತಾರೆ ಅಂತ ಗೊತ್ತು. 12.1 ಅಂತ ತೋರಿಸುತ್ತದೆ. ನನ್ನ ನೋಟ್‌ಬುಕ್ ಪ್ರಕಾರ 18 ತಿಂಗಳಲ್ಲಿ 21,460 ಕಿ.ಮೀ.ಗೆ ಹಾಕಿಸಿದ್ದು 1,950 ಲೀಟರ್, ಅಂದರೆ ಲೀಟರಿಗೆ 11. ಪರದೆ ಇಂಜೆಕ್ಟರುಗಳು ಎಷ್ಟು ಹೊತ್ತು ತೆರೆದಿದ್ದವು ಅನ್ನುವುದರ ಮೇಲೆ ಅಂದಾಜು ಕಟ್ಟುತ್ತದೆ, ಬಂಕಿನವನು ಮೀಟರಿನ ಪ್ರಕಾರ ದುಡ್ಡು ತಗೋತಾನೆ.

ಇನ್ನು ಯೂಟ್ಯೂಬಿನ ಮೈಲೇಜ್ ಟೆಸ್ಟುಗಳು. ಟ್ಯಾಂಕ್ ತುಂಬಿಸಿ, ಬೆಳಗ್ಗೆ ಐದಕ್ಕೆ ಖಾಲಿ ಹೈವೇಯಲ್ಲಿ 50 ಕಿ.ಮೀ. ಹೋಗಿ ಬಂದು, ಮತ್ತೆ ತುಂಬಿಸಿ ಭಾಗಾಕಾರ ಮಾಡುತ್ತಾರೆ. ಡೀಸೆಲ್ ನೊರೆ ಬರುತ್ತದೆ, ಪೈಪು ಮೊದಲೇ ಕಟ್ ಆಗುತ್ತದೆ, ಬಂಕಿನ ನೆಲ ಒಂದು ಕಡೆ ವಾಲಿರುತ್ತದೆ. ಒಂದು ಲೀಟರ್ ಆಚೀಚೆ ಆಗುವುದು ದೊಡ್ಡ ವಿಷಯವೇ ಅಲ್ಲ. ನಾಲ್ಕು ಲೀಟರ್ ಕುಡಿದ ಓಟದಲ್ಲಿ ಒಂದು ಲೀಟರ್ ತಪ್ಪಾದರೆ ಫಲಿತಾಂಶದಲ್ಲಿ ಉಳಿದಿದ್ದೇನು? ಐದಾರು ಟ್ಯಾಂಕ್ ಸೇರಿಸಿ ಲೆಕ್ಕ ಹಾಕಿದರೆ ಮಾತ್ರ ಈ ತಪ್ಪು ಕರಗುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಸಿಟ್ಟು ಇರುವುದು ಪ್ರಶ್ನೆಯ ಮೇಲೆಯೇ. "ಲೀಟರಿಗೆ ಎಷ್ಟು ಕಿ.ಮೀ." ಅನ್ನುವುದು ತಲೆಕೆಳಗಾದ ಪ್ರಶ್ನೆ. ನಮ್ಮ ಖರ್ಚು ಇರುವುದು ಲೀಟರಿನಲ್ಲಿ, ದಾರಿ ಮೊದಲೇ ಗೊತ್ತಿರುತ್ತದೆ. ನನ್ನ ಗಾಡಿ ಬೆಂಗಳೂರೊಳಗೆ 8, ಹೈವೇಯಲ್ಲಿ 80-90ರಲ್ಲಿ ಹೋದರೆ 14 ಕೊಡುತ್ತದೆ. ಹಾಗಾದರೆ ಅರ್ಧ ಸಿಟಿ, ಅರ್ಧ ಹೈವೇ ಓಡಿಸಿದರೆ ಸರಾಸರಿ 11 ಅಂತೀರಿ ತಾನೇ? ಅಲ್ಲ. 100 ಕಿ.ಮೀ. ಸಿಟಿಗೆ 12.5 ಲೀಟರ್, 100 ಕಿ.ಮೀ. ಹೈವೇಗೆ 7.1. ಒಟ್ಟು 200 ಕಿ.ಮೀ.ಗೆ 19.6 ಲೀಟರ್, ಸರಾಸರಿ 10.2. ಇನ್ನೊಂದು ನೋಡಿ. 8 ಕೊಡುವ ಗಾಡಿ 10 ಕೊಟ್ಟರೆ ನೂರು ಕಿ.ಮೀ.ಗೆ ಎರಡೂವರೆ ಲೀಟರ್ ಉಳಿಯುತ್ತದೆ. 14 ಕೊಡುವುದು 16 ಕೊಟ್ಟರೆ ಉಳಿಯುವುದು ಒಂದು ಲೀಟರಿಗೂ ಕಮ್ಮಿ. ಎರಡೂ ಕಡೆ "ಎರಡು ಜಾಸ್ತಿ ಕೊಡ್ತು" ಅಂತಲೇ ಹೇಳುತ್ತೇವೆ. ಲ್ಯಾರಿಕ್ ಮತ್ತು ಸೋಲ್ ಅನ್ನುವ ಇಬ್ಬರು 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಈ ಭ್ರಮೆಯ ಬಗ್ಗೆಯೇ ಬರೆದರು, ಅಮೆರಿಕದವರ ಗ್ಯಾಲನ್ ಮೈಲಿ ಲೆಕ್ಕ ಇಟ್ಟುಕೊಂಡು. ಯುರೋಪಿನ ಬಹಳ ಕಡೆ 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ ಕೇಳುವುದೇ ರೂಢಿ. ನನ್ನ ಗಾಡಿಯದು 9.1. ಮದುವೆ ಮನೆ ಮುಂದೆ ಈ ನಂಬರು ಹೇಳಿದ್ದರೆ "ಒಂಬತ್ತು ಕೊಡುತ್ತಾ ಅಷ್ಟೇ?" ಅಂತ ನಕ್ಕುಬಿಡುತ್ತಿದ್ದರು.

ಸಿಟಿಯಲ್ಲಂತೂ ಕಿಲೋಮೀಟರಿನ ಮಾತೇ ದಂಡ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ 18 ಕಿ.ಮೀ. ಒಂದು ದಿನ 45 ನಿಮಿಷ, ಮಳೆ ಬಂದ ದಿನ ಎರಡು ಗಂಟೆ. ದೂರ ಅಷ್ಟೇ, ಡೀಸೆಲ್ ಅಷ್ಟೇ ಅಲ್ಲ. ಎಸಿ ಹಾಕಿಕೊಂಡು ನಿಂತಲ್ಲೇ ನಿಂತರೆ ನನ್ನ ಗಾಡಿ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುತ್ತದೆ, ಆಗ ಮೈಲೇಜ್ ಎಷ್ಟು? ಸೊನ್ನೆ. ನಮ್ಮಪ್ಪನಿಗೆ ಇದು ಯಾವತ್ತೋ ಗೊತ್ತಿತ್ತು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಡೀಸೆಲ್ ಪಂಪಿನ ಪಕ್ಕದ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದರು, ಇಷ್ಟು ಗಂಟೆ, ಇಷ್ಟು ಲೀಟರ್. ಟ್ರ್ಯಾಕ್ಟರಿಗೂ ಅದೇ ಲೆಕ್ಕ. ಬಿ.ಇ. ಮಾಡಿ ಬಂದ ಮಗ ಔಟರ್ ರಿಂಗ್ ರೋಡಿನಲ್ಲಿ ನಿಂತುಕೊಂಡು ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಯೋಚಿಸುತ್ತಿದ್ದಾನೆ.

ಹೈವೇಯಲ್ಲಿ ದೊಡ್ಡ ಗಾಡಿಯ ಶತ್ರು ಗಾಳಿ. ಗಾಳಿ ಒಡ್ಡುವ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಲ್ಲಿ ಹೋಗುವವನು 110 ಮುಟ್ಟಿಸಿದರೆ ತಡೆ ಹತ್ತಿರ ಹತ್ತಿರ ಎರಡು ಪಟ್ಟು. ಬೀರುವಿನ ಹಾಗೆ ಎದೆ ಕೊಟ್ಟು ನಿಲ್ಲುವ ಎಸ್‌ಯುವಿಗೆ ಅದರ ಪೆಟ್ಟು ಸಣ್ಣ ಕಾರಿಗಿಂತ ಜೋರು. ಪರೀಕ್ಷೆಯ 90ರ ಗೆರೆ ದಾಟಿದ ಮೇಲೆಯೇ ಈ ಗಾಡಿಯ ನಿಜವಾದ ಹಸಿವು ಶುರುವಾಗುವುದು.

ಚಿಕ್ಕಪ್ಪನಿಗೆ ಮುಖ್ಯವಾದದ್ದು ಘಾಟಿ. ಅದರ ಪಾಠ ನನಗೆ ಆಗಿದ್ದು ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋದಾಗ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಡುವಾಗ ಪರದೆ ಇನ್ನೂ 110 ಕಿ.ಮೀ. ಹೋಗಬಹುದು ಅಂತಿತ್ತು. ಚಾರ್ಮಾಡಿ ಇಳಿದು ಉಜಿರೆ ತಲುಪಿದಾಗ 150! ಹೋದಷ್ಟೂ ಡೀಸೆಲ್ ಹೆಚ್ಚಾಗುವ ಗಾಡಿ. ಬಂಕಿನಲ್ಲಿ ಸಾಲು ಇತ್ತು, 150 ಇದೆಯಲ್ಲ ಅಂತ ಮುಂದೆ ಹೋದೆ. ವಾಪಸು ಬರುವಾಗಲೂ ಹಾಕಿಸಲಿಲ್ಲ. ಘಾಟಿ ಹತ್ತಲು ಶುರು ಮಾಡಿದ ಮೇಲೆ ನಂಬರು ಸುರಿಯತೊಡಗಿತು. 120, 90, 60. ಅರ್ಧ ಹತ್ತುವಷ್ಟರಲ್ಲಿ ಹಳದಿ ದೀಪ. ಮಂಜು, ಮುಂದೆ ಒಂದು ಲಾರಿ, ತಿರುಗಿಸಲು ಜಾಗ ಇಲ್ಲ. ಎಸಿ ಆರಿಸಿದೆ. ಅಮ್ಮ "ಯಾಕೋ ಸೆಕೆ" ಅಂದರು. "ಗಾಳಿ ಚೆನ್ನಾಗಿದೆಯಲ್ಲಮ್ಮ" ಅಂತ ಕಿಟಕಿ ಇಳಿಸಿದೆ. ಕೊಟ್ಟಿಗೆಹಾರ ದಾಟಿದಾಗ ಪರದೆಯಲ್ಲಿ ನಂಬರೇ ಇರಲಿಲ್ಲ, ಬರೀ ಗೆರೆಗಳು. ಮೂಡಿಗೆರೆ ಬಂಕು ಸಿಗುವವರೆಗೆ ಅಮ್ಮನ ಜೊತೆ ಒಂದು ಮಾತಾಡಿದ್ದರೆ ಕೇಳಿ.

ಆಮೇಲೆ ಕೂತು ನೋಡಿದರೆ ಗುಟ್ಟೇನೂ ಇಲ್ಲ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇದ್ದರೆ ಇಂಜೆಕ್ಟರುಗಳು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತವೆ. ಪರದೆ ಈಚಿನ ಓಟದ ಸರಾಸರಿ ನೋಡಿಕೊಂಡು "ಮುಂದೂ ಹೀಗೇ" ಅಂದುಕೊಳ್ಳುತ್ತದೆ. ಮುಂದೆ ಏರು ಇದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಜನ, ಸಾಮಾನು ಸೇರಿ 2,400 ಕೆ.ಜಿ. ತೂಗುವ ಗಾಡಿಯನ್ನು 800 ಮೀಟರ್ ಮೇಲಕ್ಕೆತ್ತಲು ಬೇಕಾದ ಶಕ್ತಿ ಲೆಕ್ಕ ಹಾಕಿ, ಇಂಜಿನ್ನು ಡೀಸೆಲ್ಲಿನ ಶಕ್ತಿಯಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತದೆ ಅಂತ ಹಿಡಿದರೆ, ಬರೀ ಎತ್ತುವ ಕೂಲಿಯೇ ಒಂದೂವರೆ ಲೀಟರಿಗಿಂತ ಹೆಚ್ಚು. ರಸ್ತೆ ಸವೆಸುವುದು, ತಿರುವಿನಲ್ಲಿ ನಿಂತು ಹೊರಡುವುದು, ಎಸಿ, ಎಲ್ಲ ಬೇರೆ. ಇದರ ಅರ್ಧ ತೂಕದ ಕಾರಿಗೆ ಎತ್ತುವ ಕೂಲಿಯೂ ಅರ್ಧ.

"ಒಂದು ಟ್ಯಾಂಕಿಗೆ ಇಷ್ಟು ದೂರ" ಅನ್ನುವ ಹೆಮ್ಮೆಯನ್ನೂ ಹೀಗೇ ನೋಡಬೇಕು. ನನ್ನದು 60 ಲೀಟರಿನ ಟ್ಯಾಂಕು. ಶೋರೂಮಿನ ಹುಡುಗ 60ನ್ನು 14.5ರಿಂದ ಗುಣಿಸಿ 870 ಅಂದಿದ್ದ. ತಳದ ಎಂಟು ಲೀಟರಿಗೆ ಇಳಿಯಲು ಯಾರಿಗೂ ಧೈರ್ಯ ಇರುವುದಿಲ್ಲ, ನನ್ನ ಚಾರ್ಮಾಡಿ ಕಥೆ ಕೇಳಿದ ಮೇಲಂತೂ. ಉಳಿದ 52ಕ್ಕೆ 11ರಂತೆ 572. ಹಾಗೆ ನೋಡಿದರೆ ದೊಡ್ಡ ಗಾಡಿಗಳು ದೂರ ಹೋಗುವುದು ಮೈಲೇಜಿನಿಂದಲ್ಲ, ಹೊಟ್ಟೆಯಿಂದ. ಫಾರ್ಚೂನರಿನ ಟ್ಯಾಂಕು 80 ಲೀಟರ್, ಸ್ವಿಫ್ಟಿನದು 37.

ಎಲೆಕ್ಟ್ರಿಕ್ ತಗೊಂಡರೆ ಈ ರಗಳೆ ಇಲ್ಲ ಅಲ್ವಾ ಅಂತ ಚಿಕ್ಕಪ್ಪನ ಮಗಳು ಕೇಳಿದಳು. ರಗಳೆ ಇದೆ, ಆದರೆ ಅಲ್ಲಿ ಒಂದು ಒಳ್ಳೇ ಕೆಲಸವೂ ಆಗಿದೆ. 2024ರಲ್ಲಿ ಬಂದ ಟಾಟಾ ಕರ್ವ್‌ನ 55 ಯೂನಿಟ್ ಬ್ಯಾಟರಿಯ ಗಾಡಿ ತಗೊಳ್ಳಿ. ಪರೀಕ್ಷೆಯ ಸಿಟಿ ಭಾಗದಲ್ಲಷ್ಟೇ 585 ಕಿ.ಮೀ., ಎರಡೂ ಭಾಗ ಸೇರಿಸಿದರೆ 502, ಗ್ರಾಹಕರಿಗೆ ನಿಜವಾಗಿ ಸಿಗಬಹುದಾದದ್ದು 400ರಿಂದ 425 ಅಂತ ಕಂಪನಿಯೇ ಹೇಳಿತು. ಅದೇ ಬ್ಯಾಟರಿ, ಅದೇ ಗಾಡಿ, ಮೂರು ನಂಬರು. ಮೂರನ್ನೂ ಹೇಳಿದ್ದು ನನಗೆ ಇಷ್ಟವಾಯಿತು. ಬ್ಯಾಟರಿ ಗಾಡಿಯವರಿಗೆ ಸಾಧ್ಯವಾದದ್ದು ಡೀಸೆಲ್ ಗಾಡಿಯವರಿಗೆ ಯಾಕೆ ಆಗುವುದಿಲ್ಲ? ದಾರಿ ಮಧ್ಯೆ ಚಾರ್ಜ್ ಮುಗಿದರೆ ಜನ ಬೈಯುತ್ತಾರೆ ಅನ್ನುವ ಹೆದರಿಕೆ ಅವರಿಗಿದೆ. ಡೀಸೆಲ್ ಮುಗಿದರೆ ನಾವು ನಮ್ಮನ್ನೇ ಬೈದುಕೊಳ್ಳುತ್ತೇವೆ.

ಆ ಭಾನುವಾರ ಊರಿಗೆ ಹೋಗಿ ಚಿಕ್ಕಪ್ಪನ ಮುಂದೆ ನೋಟ್‌ಬುಕ್ ಇಟ್ಟೆ. "ಹದಿನೈದು ಅಂದಿದ್ದು ಸುಳ್ಳು ಚಿಕ್ಕಪ್ಪ" ಅಂದೆ. ಅವರು ಕನ್ನಡಕ ಹಾಕಿಕೊಂಡು ಪುಟ ತಿರುವುತ್ತಾ ಹೋದರು. ಮಂಗಳೂರಿಗೆ ಹೋಗಿ ಬರಲು 230 ಕಿ.ಮೀ. ಹಿಡಿದರೆ, ನಾನು ಹೇಳಿದ ಲೆಕ್ಕದಲ್ಲಿ 15 ಲೀಟರ್, ಘಾಟಿ ಸೇರಿಸಿದ ನಿಜದ ಲೆಕ್ಕದಲ್ಲಿ 22. ಲೀಟರಿಗೆ 90 ರೂಪಾಯಿಯಂತೆ ತಿಂಗಳಿಗೆ 1,200 ರೂಪಾಯಿಯ ಚಿಲ್ಲರೆ ವ್ಯತ್ಯಾಸ. ಇಪ್ಪತ್ತು ಚಿಲ್ಲರೆ ಲಕ್ಷದ ಗಾಡಿಯ ಕಂತಿನ ಮುಂದೆ ಇದೇನೂ ಅಲ್ಲ, ಅದನ್ನೂ ಹೇಳಿದೆ.

"ದುಡ್ಡಿನ ಮಾತಲ್ಲ ಕಣೋ," ಅಂದರು. "ನಿನ್ನ ಮಾತು ನಂಬಿ ಅವಳನ್ನ ಕೂರಿಸ್ಕೊಂಡು ರಾತ್ರಿ ಹೊತ್ತು ಘಾಟಿ ಹತ್ತಿದ್ರೆ?"

ನಾನು ಸುಮ್ಮನೆ ಕೂತೆ. ಚಿಕ್ಕಮ್ಮ ಕಾಫಿ ತಂದಿಟ್ಟರು.

ಗಾಡಿ ಬುಕ್ ಆಗಿದೆ, ಬಿಳೀದು. ಉಜಿರೆಯಲ್ಲಿ ಪ್ರತಿ ಸಲ ಟ್ಯಾಂಕ್ ತುಂಬಿಸುವುದು ಅಂತ ತೀರ್ಮಾನವಾಗಿದೆ. ನನ್ನ ನೋಟ್‌ಬುಕ್ಕಿನ ಗೆರೆ ಹಾಕಿದ ರೀತಿ ಅವರಿಗೆ ಹಿಡಿಸಲಿಲ್ಲ. ಬೇರೆ ಪುಸ್ತಕ ಮಾಡಿಕೊಂಡಿದ್ದಾರೆ, ಅದರಲ್ಲಿ ಕಿಲೋಮೀಟರಿನ ಪಕ್ಕ ಗಂಟೆಗೂ ಒಂದು ಕಾಲಂ ಇದೆ.